ಲಕ್ಷದ್ವೀಪದ ಸುತ್ತ ಅಲೆಗಳು ಒಡೆಯುವ ತಾಣಗಳು: ಪ್ರವೇಶ ಪರವಾನಗಿಗೆ ಅರ್ಜಿ ಸಲ್ಲಿಸುವ ನಾಗರಿಕರಿಗೆ ಮಾಹಿತಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಿಗೆ ಸಮುದ್ರತೀರವಿಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರದ ಮಾರ್ಗವಾಗಿ ಸಾಗಿ ಕಾವೇರಿಯನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿಯು ಹೊಸಕೋಟೆಯ ಕಡೆಯಿಂದ ತಮಿಳುನಾಡಿಗೆ ಹರಿಯುತ್ತದೆ. ಎರಡರ ನೀರೂ ಕೊನೆಗೆ ಬಂಗಾಳ ಕೊಲ್ಲಿಯ ಪಾಲು. ಹೀಗಾಗಿ ಅರಬ್ಬೀ ಸಮುದ್ರವು ಈ ಜಿಲ್ಲೆಯ ಬಹುಪಾಲು ನಾಗರಿಕರಿಗೆ ಪ್ರವಾಸದ ದಿನಗಳಲ್ಲಿ ಮಾತ್ರ ಕಾಣಸಿಗುವಂಥದ್ದು. ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಲಕ್ಷದ್ವೀಪದ ಅಗತ್ತಿ ದ್ವೀಪಕ್ಕೆ 2024ರ ಮಾರ್ಚ್ 31ರಂದು ನೇರ ವಿಮಾನ ಸಂಚಾರ ಆರಂಭವಾಯಿತು. ಕೊಚ್ಚಿಯವರೆಗೆ ಹೋಗಿ ಹಡಗು ಹತ್ತಬೇಕಾಗಿದ್ದ ದೂರವು ಇದರಿಂದ ಕೆಲವೇ ಗಂಟೆಗಳ ಪ್ರಯಾಣವಾಯಿತು.

ಅಗತ್ತಿಯ ಓಡುದಾರಿಯು ದ್ವೀಪದ ದಕ್ಷಿಣ ತುದಿಯಲ್ಲಿದೆ. ಅದರ ಎರಡೂ ಮಗ್ಗುಲಲ್ಲಿ ಸಮುದ್ರವಿದೆ. ವಿಮಾನ ಇಳಿಯುವಾಗ ಕಿಟಕಿಯಿಂದ ನೋಡುವವರಿಗೆ ನೀರು ಎರಡು ಬಣ್ಣಗಳಲ್ಲಿ ಕಾಣುತ್ತದೆ. ದ್ವೀಪದ ಹತ್ತಿರ ತಿಳಿ ಹಸಿರು, ಅದರಾಚೆ ಕಡು ನೀಲಿ. ಎರಡರ ನಡುವೆ ಒಂದು ಬಿಳಿಯ ಗೆರೆ. ಅದು ಅಲೆಗಳು ಒಡೆದು ನೊರೆಯಾಗುವ ಸ್ಥಳ. ಸರ್ಫಿಂಗ್ ಆಟಗಾರರು ಹುಡುಕುವುದು ಈ ಗೆರೆಯನ್ನೇ, ದ್ವೀಪವನ್ನು ಸಮುದ್ರದಿಂದ ಕಾಯುವುದೂ ಈ ಗೆರೆಯೇ. ಈಜು ಬಲ್ಲವರೂ ಸೇರಿದಂತೆ ಒಳನಾಡಿನಿಂದ ಬಂದವರು ಅದರ ಯಾವ ಬದಿಯಲ್ಲಿ ನೀರಿಗೆ ಇಳಿಯುತ್ತಾರೆ ಎಂಬುದರ ಮೇಲೆ ಅವರ ಜೀವದ ಸುರಕ್ಷತೆ ನಿಂತಿದೆ. ಪರವಾನಗಿಗೆ ಅರ್ಜಿ ಸಲ್ಲಿಸುವ ಮುನ್ನ ಈ ವಿಷಯವನ್ನು ನಾಗರಿಕರು ಅರಿತಿರುವುದು ಅವಶ್ಯಕ.

ದ್ವೀಪಗಳ ಪರಿಚಯ

ಲಕ್ಷದ್ವೀಪವು 36 ದ್ವೀಪಗಳ ಸಮೂಹ. ಇವುಗಳಲ್ಲಿ 10 ದ್ವೀಪಗಳಲ್ಲಿ ಜನವಸತಿ ಇದೆ. ಒಟ್ಟು ನೆಲದ ವಿಸ್ತೀರ್ಣ ಕೇವಲ 32 ಚದರ ಕಿಲೋಮೀಟರ್. ದ್ವೀಪಗಳು ಕೇರಳದ ಕರಾವಳಿಯಿಂದ 220ರಿಂದ 440 ಕಿ.ಮೀ. ದೂರದಲ್ಲಿ ಹರಡಿಕೊಂಡಿವೆ. ಕರ್ನಾಟಕಕ್ಕೂ ಇವುಗಳಿಗೂ ಇರುವ ನಂಟು ಹಳೆಯದು. 18ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮಿನಿ ದ್ವೀಪದವರು ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತು, ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅಮಿನಿ ಗುಂಪಿನ ದ್ವೀಪಗಳು ಅವನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ನಂತರ ಅವು ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ ಮಂಗಳೂರಿನಿಂದ ಆಳಲ್ಪಟ್ಟವು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು, ಅಂದರೆ ವಿಶಾಲ ಮೈಸೂರು ರಾಜ್ಯ ಉದಯವಾದ ದಿನವೇ, ದ್ವೀಪಗಳು ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪ ಎಂಬ ಈಗಿನ ಹೆಸರು ಬಂದದ್ದು 1973ರಲ್ಲಿ.

ಇಲ್ಲಿನ ದ್ವೀಪಗಳ ರಚನೆಯು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಂತೆ ಅಲ್ಲ. ಸೇಂಟ್ ಮೇರೀಸ್ ದ್ವೀಪಗಳು ಜ್ವಾಲಾಮುಖಿಯ ಕರಗಿದ ಶಿಲೆ ಗಟ್ಟಿಯಾಗಿ ಉಂಟಾದ ಬಂಡೆಗಳು. ಲಕ್ಷದ್ವೀಪವನ್ನು ಕಟ್ಟಿದ್ದು ಹವಳದ ಹುಳುಗಳು. ಸಮುದ್ರದ ಆಳದಿಂದ ಮೇಲೆದ್ದ ಪರ್ವತಸಾಲಿನ ಶಿಖರಗಳ ಮೇಲೆ ಈ ಸೂಕ್ಷ್ಮ ಜೀವಿಗಳು ಸಾವಿರಾರು ವರ್ಷಗಳ ಕಾಲ ಸುಣ್ಣದ ಗೂಡು ಕಟ್ಟುತ್ತಾ ಬಂದಿವೆ. ಅವುಗಳ ಗೋಡೆಯು ಬಹುತೇಕ ಕಡೆ ಬಳೆಯ ಆಕಾರದಲ್ಲಿದೆ. ಬಳೆಯ ಪೂರ್ವದ ಅಂಚಿನಲ್ಲಿ ಮರಳು ನಿಂತು ದ್ವೀಪವಾಗಿದೆ. ಪಶ್ಚಿಮದ ಅಂಚು ನೀರಿನಲ್ಲಿ ಮುಳುಗಿಯೇ ಇದ್ದು, ಇಳಿತದ ಹೊತ್ತಿನಲ್ಲಿ ಅಲ್ಲಲ್ಲಿ ತಲೆ ತೋರುತ್ತದೆ. ನಡುವೆ ಸಿಕ್ಕಿಕೊಂಡ ಆಳವಿಲ್ಲದ, ಅಲುಗಾಡದ ನೀರಿಗೆ ಲಗೂನ್ ಎಂದು ಹೆಸರು. ಬಿತ್ರ ದ್ವೀಪದ ನೆಲ ಸುಮಾರು 0.1 ಚ.ಕಿ.ಮೀ. ಮಾತ್ರ, ಅದರ ಲಗೂನ್‌ನ ವಿಸ್ತೀರ್ಣ 45 ಚ.ಕಿ.ಮೀ.ಗೂ ಮಿಗಿಲು. ಆಂಡ್ರೋತ್ ದ್ವೀಪಕ್ಕೆ ಹೀಗೆ ಲಗೂನ್ ಇಲ್ಲ. ಅಲ್ಲಿ ಅಲೆಗಳು ದಡಕ್ಕೆ ತೀರಾ ಸಮೀಪದಲ್ಲೇ ಒಡೆಯುತ್ತವೆ.

ಅಲೆ ಹೇಗೆ ಹುಟ್ಟುತ್ತದೆ, ಎಲ್ಲಿ ಒಡೆಯುತ್ತದೆ

ಸಮುದ್ರದ ಅಲೆಯನ್ನು ಎಬ್ಬಿಸುವುದು ಗಾಳಿ. ಹತ್ತಿರದ ಗಾಳಿಯಿಂದ ಏಳುವ ಅಲೆಗಳು ಗಿಡ್ಡವಾಗಿದ್ದು ಒಂದರ ಹಿಂದೊಂದು ಬೇಗ ಬೇಗ ಬರುತ್ತವೆ. ಇನ್ನೊಂದು ಬಗೆಯವು ದೂರದಿಂದ ಬರುವ ಉಬ್ಬಲೆಗಳು. ಅಂಟಾರ್ಕ್ಟಿಕಾಕ್ಕೆ ಸಮೀಪದ ದಕ್ಷಿಣ ಮಹಾಸಾಗರದಲ್ಲಿ ಬೀಸುವ ಬಿರುಗಾಳಿಗಳು ಇವುಗಳನ್ನು ಹುಟ್ಟಿಸುತ್ತವೆ. ಒಂದು ಉಬ್ಬಲೆಗೂ ಇನ್ನೊಂದಕ್ಕೂ 16 ಸೆಕೆಂಡುಗಳ ಅಂತರವಿದ್ದರೆ, ಆಳ ಸಮುದ್ರದಲ್ಲಿ ಎರಡು ಶಿಖೆಗಳ ನಡುವಿನ ದೂರ ಸುಮಾರು 400 ಮೀಟರ್ ಆಗುತ್ತದೆ; ಇಂತಹ ಅಲೆಗಳ ಗುಂಪು ದಿನಕ್ಕೆ ಸುಮಾರು 1,000 ಕಿ.ಮೀ. ಸಾಗುತ್ತದೆ. ದಕ್ಷಿಣ ಮಹಾಸಾಗರದಲ್ಲಿ ಇಂದು ಎದ್ದ ಬಿರುಗಾಳಿಯ ಫಲ ಲಕ್ಷದ್ವೀಪವನ್ನು ಮುಟ್ಟುವುದು ಸುಮಾರು ಒಂದು ವಾರದ ನಂತರ. ಅಂದು ದ್ವೀಪದಲ್ಲಿ ಆಕಾಶ ತಿಳಿಯಾಗಿರಬಹುದು, ತೆಂಗಿನ ಗರಿಯೂ ಅಲುಗದಿರಬಹುದು. ಗಾಳಿ ಇಲ್ಲವೆಂದ ಮಾತ್ರಕ್ಕೆ ಅಲೆ ಇರುವುದಿಲ್ಲವೆಂದು ತಿಳಿಯಬಾರದು.

ಆಳ ನೀರಿನಲ್ಲಿ ಅಲೆಯು ಒಡೆಯುವುದಿಲ್ಲ. ಉಬ್ಬಿ ಇಳಿದು ಮುಂದೆ ಸಾಗುತ್ತದೆ. ನೆಲ ಮೇಲೆ ಬಂದಂತೆ ಅಲೆಯ ಬುಡದ ವೇಗ ಕುಗ್ಗಿ, ತಲೆ ಮುಂದಕ್ಕೆ ವಾಲುತ್ತದೆ. ನೀರಿನ ಆಳವು ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಒಂದೂವರೆ ಮೀಟರ್ ಎತ್ತರದ ಅಲೆ ಎರಡು ಮೀಟರ್ ಆಳದಲ್ಲಿ ಒಡೆಯುತ್ತದೆ ಎಂದು ಸ್ಥೂಲವಾಗಿ ಲೆಕ್ಕ ಹಿಡಿಯಬಹುದು. ಅಲೆ ಒಡೆಯುವ ತಾಣವನ್ನು ನಿರ್ಧರಿಸುವುದು ನೀರಿನ ಅಡಿಯ ನೆಲವೇ ಹೊರತು ಮೇಲೆ ಕಾಣುವ ದಡವಲ್ಲ.

ಕರ್ನಾಟಕದ ಕರಾವಳಿಯಲ್ಲಿ ಸಮುದ್ರದ ತಳವು ಬಹುದೂರದವರೆಗೆ ನಿಧಾನವಾಗಿ ಇಳಿಯುತ್ತದೆ. ಈ ಇಳಿಜಾರಿನ ಮೇಲೆ ತಳವನ್ನು ಉಜ್ಜುತ್ತಾ ಬರುವ ಅಲೆಯು ತನ್ನ ಬಲದ ಒಂದಂಶವನ್ನು ದಾರಿಯಲ್ಲೇ ಕಳೆದುಕೊಂಡು, ಮರಳಿನ ಮೇಲೆ ಚದುರಿ ಒಡೆಯುತ್ತದೆ. ಲಕ್ಷದ್ವೀಪದ ಸ್ಥಿತಿ ಬೇರೆ. ಹವಳದ ಗೋಡೆಯ ಹೊರಮೈ ಕಡಿದಾಗಿದ್ದು, ಅದರಾಚೆ ಸಮುದ್ರದ ಆಳ ಸಾವಿರ ಮೀಟರ್‌ಗೂ ಹೆಚ್ಚು. ಆಳದಿಂದ ಬಂದ ಅಲೆಗೆ ತಳದ ಸುಳಿವು ಸಿಗುವುದೇ ಕೊನೆಯ ಕ್ಷಣದಲ್ಲಿ. ಅಡೆತಡೆ ಇಲ್ಲದೆ ಬಂದ ಬಲವೆಲ್ಲ ಕೆಲವೇ ಮೀಟರ್‌ಗಳ ಅಂತರದಲ್ಲಿ ಒಮ್ಮೆಲೇ ಮೇಲೆದ್ದು, ಕಮಾನಿನಂತೆ ಬಾಗಿ, ಹವಳದ ಮೇಲೆ ಬೀಳುತ್ತದೆ. ಚಲನಚಿತ್ರಗಳಲ್ಲಿ ಸರ್ಫಿಂಗ್ ಆಟಗಾರನು ಅಲೆಯ ಸುರಂಗದೊಳಗೆ ನುಸುಳಿ ಹೊರಬರುವ ದೃಶ್ಯವನ್ನು ಅನೇಕರು ನೋಡಿರುತ್ತಾರೆ. ಅಂತಹ ಅಲೆಗಳು ಹೆಚ್ಚಾಗಿ ಹವಳದ ಅಥವಾ ಬಂಡೆಯ ತಳದ ಮೇಲೆಯೇ ಏಳುತ್ತವೆ. ಆ ಆಟಗಾರನ ಕಾಲಡಿಯಲ್ಲಿ ಎಷ್ಟು ಕಡಿಮೆ ನೀರಿದೆ ಎಂಬುದು ಮಾತ್ರ ತೆರೆಯ ಮೇಲೆ ಕಾಣುವುದಿಲ್ಲ.

ಒಡೆಯುವ ಪ್ರತಿ ಅಲೆಯೂ ಸರ್ಫಿಂಗ್‌ಗೆ ಯೋಗ್ಯವಲ್ಲ. ಅಲೆಯು ಹವಳದ ಗೋಡೆಗೆ ನೇರವಾಗಿ ಬಡಿದರೆ ಅದರ ಇಡೀ ಉದ್ದ ಒಟ್ಟಿಗೆ ಕುಸಿಯುತ್ತದೆ. ಹಲಗೆಯ ಮೇಲೆ ನಿಂತವನಿಗೆ ಹೋಗಲು ದಾರಿಯೇ ಇರುವುದಿಲ್ಲ. ಅಲೆ ಓರೆಯಾಗಿ ಬಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಸೀಳುತ್ತಾ ಸಾಗಿದಾಗ ಮಾತ್ರ ಸವಾರಿ ಸಾಧ್ಯ. ಹವಳದ ಬಳೆ ಬಾಗುವ ಕಡೆ, ಮತ್ತು ಬಳೆಯಲ್ಲಿ ಕಂಡಿ ಇರುವ ಕಡೆ, ಅಲೆ ಹೀಗೆ ಓರೆಯಾಗಿ ತಿರುಗುತ್ತದೆ. ಇದೇ ಪರ್ವತಸಾಲಿನ ದಕ್ಷಿಣಕ್ಕೆ ಮುಂದುವರಿದ ಭಾಗವಾದ ಮಾಲ್ಡೀವ್ಸ್‌ನಲ್ಲಿ ಇಂತಹ ಕಂಡಿಗಳ ಅಂಚಿನ ಅಲೆಗಳೇ ಜಗತ್ಪ್ರಸಿದ್ಧವಾಗಿವೆ. 1970ರ ದಶಕದಲ್ಲಿ ಹಡಗು ಒಡೆದು ಅಲ್ಲಿಗೆ ಬಂದು ಸೇರಿದ ಆಸ್ಟ್ರೇಲಿಯಾದ ಟೋನಿ ಹಿಂಡೆ ಎಂಬವರು ಆ ಅಲೆಗಳನ್ನು ಕಂಡು ಅಲ್ಲಿಯೇ ನೆಲೆಸಿದರು, ಮಾಲ್ಡೀವ್ಸ್‌ನ ಪ್ರಜೆಯಾದರು. ಆ ದೇಶದ ಸರ್ಫಿಂಗ್ ಪ್ರವಾಸೋದ್ಯಮವು ಅವರಿಂದ ಬೆಳೆಯಿತು. 2008ರಲ್ಲಿ ಅವರು ಸರ್ಫಿಂಗ್ ಮಾಡುತ್ತಿದ್ದಾಗಲೇ ತೀರಿಕೊಂಡರು.

ಕೆರೆಯ ಕೋಡಿ ಮತ್ತು ಹವಳದ ಕಂಡಿ

ಲಗೂನ್‌ನ ನೀರಿನ ನಡೆಯನ್ನು ಈ ಜಿಲ್ಲೆಯ ನಾಗರಿಕರು ಸುಲಭವಾಗಿ ಗ್ರಹಿಸಬಲ್ಲರು. ಕೆರೆಗೆ ಏರಿ ಇರುವಂತೆ ಲಗೂನ್‌ಗೆ ಹವಳದ ಗೋಡೆ ಇದೆ. ಮಳೆಗಾಲದಲ್ಲಿ ಹಳ್ಳಗಳ ನೀರು ಕೆರೆಯನ್ನು ತುಂಬಿಸಿದಾಗ ಹೆಚ್ಚಾದ ನೀರು ಕೋಡಿಯಲ್ಲಿ ಹರಿದುಹೋಗುತ್ತದೆ. ಲಗೂನ್‌ನಲ್ಲಿ ನೀರು ತುಂಬುವುದು ಏರಿಯ ಮೇಲಿನಿಂದಲೇ: ಒಡೆದ ಪ್ರತಿ ಅಲೆಯೂ ಒಂದಿಷ್ಟು ನೀರನ್ನು ಗೋಡೆಯ ಈಚೆಗೆ ಚೆಲ್ಲುತ್ತದೆ. ಹೀಗೆ ಒಳಗೆ ಬಂದ ನೀರು ಹೊರಗೆ ಹೋಗಲೇಬೇಕು. ಅದಕ್ಕಿರುವ ಕೋಡಿಯೇ ಹವಳದ ಬಳೆಯಲ್ಲಿನ ಕಂಡಿ. ಅಲೆಗಳು ದೊಡ್ಡವಾದಷ್ಟೂ ಕಂಡಿಯಲ್ಲಿ ಹೊರಹರಿವಿನ ರಭಸ ಹೆಚ್ಚುತ್ತದೆ. ಇಳಿತದ ಹೊತ್ತು ಇದಕ್ಕೆ ಸೇರಿಕೊಂಡರೆ ಸೆಳವು ಇನ್ನೂ ಬಲವಾಗುತ್ತದೆ.

ಅಪಾಯವು ಅಡಗಿರುವುದು ಇಲ್ಲಿಯೇ. ಕಂಡಿಯಲ್ಲಿ ತಳ ಆಳವಾಗಿರುವುದರಿಂದ ಅಲೆ ಒಡೆಯುವುದಿಲ್ಲ. ಎರಡೂ ಬದಿಯಲ್ಲಿ ನೊರೆ, ನಡುವೆ ಮಾತ್ರ ನುಣುಪಾದ ಗಾಢ ಬಣ್ಣದ ನೀರು. ಹೊಸಬರ ಕಣ್ಣಿಗೆ ಅದೇ ಅತ್ಯಂತ ಸುರಕ್ಷಿತ ಜಾಗವಾಗಿ ತೋರುತ್ತದೆ. ವಾಸ್ತವದಲ್ಲಿ ಅದು ವ್ಯಕ್ತಿಯನ್ನು ಆಳ ಸಮುದ್ರಕ್ಕೆ ಒಯ್ಯುವ ದಾರಿ. ಕೆರೆಯಲ್ಲಿ ಅಲುಗದ ನೀರನ್ನು ನಂಬಿ ಈಜು ಕಲಿತವರು ಸಮುದ್ರದಲ್ಲಿಯೂ ಅಲುಗದ ನೀರನ್ನೇ ಆಯ್ದುಕೊಳ್ಳುವುದು ಸಹಜ.

ಮರಳಿನ ತೀರಗಳಲ್ಲಿಯೂ ಇದೇ ನಿಯಮ ನಡೆಯುತ್ತದೆ. ದಡಕ್ಕೆ ಬಂದ ಅಲೆಗಳ ನೀರು ಮರಳಿನ ದಿಬ್ಬಗಳ ನಡುವಿನ ತಗ್ಗಿನಲ್ಲಿ ಒಟ್ಟುಗೂಡಿ ಹಿಂದಕ್ಕೆ ಹರಿಯುತ್ತದೆ. ದಡದಲ್ಲಿ ನಿಂತು ನೋಡುವವರಿಗೆ ಆ ತಗ್ಗಿನ ಮೇಲಿನ ನೀರು ಸುತ್ತಲಿನದಕ್ಕಿಂತ ಶಾಂತವಾಗಿ ಕಾಣುತ್ತದೆ. ಸಮುದ್ರವನ್ನು ಅರಿಯದೆ ನೀರಿಗೆ ಇಳಿದರೆ ಆಗುವ ಹಾನಿ ಎಂಥದ್ದೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2024ರ ಡಿಸೆಂಬರ್‌ನಲ್ಲಿ ಹೊಸಕೋಟೆಗೆ ಹೊಂದಿಕೊಂಡ ಕೋಲಾರ ಜಿಲ್ಲೆಯಿಂದ ಶೈಕ್ಷಣಿಕ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಮೃತಪಟ್ಟರು. ಅದು ಮಳೆಗಾಲವಾಗಿರಲಿಲ್ಲ; ಸಮುದ್ರ ಶಾಂತವೆಂದು ಜನ ಭಾವಿಸುವ ತಿಂಗಳು.

ಸೆಳವಿಗೆ ಸಿಕ್ಕಿದವರು ಅದಕ್ಕೆ ಎದುರಾಗಿ ದಡದ ಕಡೆಗೆ ಈಜಲು ಯತ್ನಿಸಬಾರದು. ಬಲ್ಲ ಈಜುಗಾರರೂ ದಣಿದು ಮುಳುಗುವುದು ಈ ಪ್ರಯತ್ನದಲ್ಲಿಯೇ. ಸೆಳವು ವ್ಯಕ್ತಿಯನ್ನು ತಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಮರಳಿನ ತೀರದಲ್ಲಿ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವು ತಪ್ಪಿದ ಮೇಲೆ ದಡಕ್ಕೆ ಬರಬೇಕು. ಹವಳದ ಕಂಡಿಯಲ್ಲಿ ಪಕ್ಕಕ್ಕೆ ಸರಿದರೆ ಒಡೆಯುವ ಅಲೆಗೆ ಸಿಕ್ಕಿ ಹವಳದ ಮೇಲೆ ಬೀಳುವ ಸಂಭವವಿರುವುದರಿಂದ, ಬೆನ್ನಡಿಯಾಗಿ ತೇಲುತ್ತಾ ಕೈಯೆತ್ತಿ ದೋಣಿಯ ನೆರವು ಕೋರುವುದೇ ಉಚಿತ. ಇದೇ ಕಾರಣದಿಂದ ದೋಣಿಯಿಲ್ಲದೆ ಗೋಡೆಯ ಬಳಿಗೆ ಹೋಗಬಾರದು. ದಡದಲ್ಲಿ ಉಳಿದವರು ತಾವೂ ನೀರಿಗೆ ಧುಮುಕದೆ ತೇಲುವ ವಸ್ತುವನ್ನು ಎಸೆದು, ತುರ್ತು ಸಹಾಯವಾಣಿ 112 ಅಥವಾ ಭಾರತೀಯ ಕರಾವಳಿ ಕಾವಲು ಪಡೆಯ 1554 ಸಂಖ್ಯೆಗೆ ಕರೆ ಮಾಡತಕ್ಕದ್ದು.

ಋತುಮಾನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನ ಗಾಳಿಯಿಂದ ಅರಬ್ಬೀ ಸಮುದ್ರದಲ್ಲಿ 3 ಮೀಟರ್‌ಗೂ ಮೀರಿದ ಅಲೆಗಳು ಏಳುತ್ತವೆ. ಲಗೂನ್‌ನ ಪಶ್ಚಿಮದ ಗೋಡೆ ಇವುಗಳನ್ನು ನೇರವಾಗಿ ಎದುರಿಸುತ್ತದೆ. ಅಲೆಗಳು ದೊಡ್ಡವಾಗಿದ್ದರೂ ಗಾಳಿಯಿಂದ ಕದಡಿರುವ ಕಾರಣ ಸರ್ಫಿಂಗ್‌ಗೆ ಒಗ್ಗುವುದು ಕಡಿಮೆ. ಹಡಗು ಮತ್ತು ದೋಣಿಗಳ ಓಡಾಟವೂ ಆಗ ಅನಿಶ್ಚಿತ. ಪ್ರವಾಸಿಗರು ಹೆಚ್ಚಾಗಿ ಬರುವುದು ಅಕ್ಟೋಬರ್‌ನಿಂದ ಮೇ ನಡುಭಾಗದವರೆಗೆ. ನಡುವಿನ ಚಳಿಗಾಲದ ತಿಂಗಳುಗಳಲ್ಲಿ ಅಲೆ ಸಣ್ಣದು, ಲಗೂನ್ ಕನ್ನಡಿಯಂತೆ ಇರುತ್ತದೆ. ಕುಟುಂಬ ಸಮೇತ ಹೋಗುವವರಿಗೆ ಇದು ಪ್ರಶಸ್ತ ಕಾಲ. ಆದರೂ 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಚಂಡಮಾರುತವು ದ್ವೀಪಗಳಿಗೆ ಬಡಿಯಿತು ಎಂಬುದನ್ನು ಮರೆಯುವಂತಿಲ್ಲ.

ಏಪ್ರಿಲ್ ಮತ್ತು ಮೇ ತಿಂಗಳುಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ. ಶಾಲೆಗಳಿಗೆ ಬೇಸಿಗೆ ರಜೆ ಇರುವ ಈ ಕಾಲದಲ್ಲಿಯೇ ದಕ್ಷಿಣ ಮಹಾಸಾಗರದ ಉಬ್ಬಲೆಗಳು ಯಾವ ಮುನ್ಸೂಚನೆಯೂ ಕಾಣದಂತೆ ಬಂದು ದಡವನ್ನು ಮೀರಿ ನುಗ್ಗುವುದುಂಟು. ಕೇರಳದ ಮೀನುಗಾರರು ಇದಕ್ಕೆ ‘ಕಳ್ಳಕ್ಕಡಲ್’ ಎನ್ನುತ್ತಾರೆ, ಅಂದರೆ ಕಳ್ಳನಂತೆ ಬರುವ ಕಡಲು. ಹೆಸರು ಎಷ್ಟು ಸಮರ್ಪಕವಾಗಿತ್ತೆಂದರೆ ವಿಜ್ಞಾನಿಗಳೂ ಅದನ್ನೇ ಬಳಕೆಗೆ ತಂದರು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು 2020ರಿಂದ ಇಂತಹ ಉಬ್ಬಲೆಗಳ ಮುನ್ನೆಚ್ಚರಿಕೆಯನ್ನು ನೀಡುತ್ತಿದೆ. 2024ರ ಮೇ ಮೊದಲ ವಾರದಲ್ಲಿ ಎಚ್ಚರಿಕೆ ಪ್ರಕಟವಾಗಿದ್ದ ದಿನಗಳಲ್ಲಿಯೇ ಕನ್ಯಾಕುಮಾರಿ ಜಿಲ್ಲೆಯ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗಳಿಗೆ ಬಲಿಯಾದರು. ಸದರಿ ಕೇಂದ್ರದ ಅಂತರಜಾಲ ತಾಣದಲ್ಲಿ ಅಲೆಯ ಎತ್ತರ ಮತ್ತು ಉಬ್ಬಲೆಯ ಮುನ್ಸೂಚನೆ ಎಲ್ಲರಿಗೂ ಉಚಿತವಾಗಿ ಲಭ್ಯವಿದೆ. ಹೊರಡುವ ಹಿಂದಿನ ದಿನ ಅದನ್ನು ನೋಡುವುದಕ್ಕೆ ಐದು ನಿಮಿಷ ಸಾಕು.

ಮೊದಲು ಮರಳಿನ ಮೇಲೆ ಕಲಿಯುವುದು

ಸರ್ಫಿಂಗ್ ಕಲಿಯಬೇಕೆಂಬ ಆಸೆಯಿಂದ ನೇರವಾಗಿ ಲಕ್ಷದ್ವೀಪಕ್ಕೆ ಅರ್ಜಿ ಹಾಕುವುದು ಸೂಕ್ತವಲ್ಲ. ಹವಳದ ಮೇಲಿನ ಅಲೆಯು ಅಭ್ಯಾಸ ಉಳ್ಳವರಿಗೆ ಮಾತ್ರ ತಕ್ಕದ್ದು. ಅಲ್ಲಿ ಬಿದ್ದವರಿಗೆ ಆಗುವ ಗಾಯಗಳು ಆಳವಾಗಿದ್ದು, ಹವಳದ ಚೂರುಗಳು ಒಳಗೆ ಉಳಿದು ಕೀವುಗಟ್ಟುತ್ತವೆ. ದ್ವೀಪಗಳಲ್ಲಿ ಆಸ್ಪತ್ರೆಗಳಿದ್ದರೂ ಗಂಭೀರ ಸ್ಥಿತಿಯಲ್ಲಿರುವವರನ್ನು ಹೆಲಿಕಾಪ್ಟರ್ ಮೂಲಕ ಕೊಚ್ಚಿಗೆ ಸಾಗಿಸಬೇಕಾಗುತ್ತದೆ. ಹವಾಮಾನ ಕೆಟ್ಟಿದ್ದರೆ ಅದಕ್ಕೂ ಕಾಯಬೇಕು.

ಕಲಿಯಲು ನಾಡಿನಲ್ಲಿಯೇ ಉತ್ತಮ ತಾಣಗಳಿವೆ. ನೆಲಮಂಗಲದಿಂದ ಹಾಸನ, ಶಿರಾಡಿ ಘಾಟಿ ಮಾರ್ಗವಾಗಿ ಮಂಗಳೂರು ತಲುಪಿ, ಅಲ್ಲಿಂದ ಉತ್ತರಕ್ಕೆ ಸಾಗಿದರೆ ಮೂಲ್ಕಿ ಮತ್ತು ಸಸಿಹಿತ್ಲು ಸಿಗುತ್ತವೆ. ಭಾರತದಲ್ಲಿ ಸರ್ಫಿಂಗ್ ಆಟ ಸಂಘಟಿತ ರೂಪ ಪಡೆದ ಮೊದಲ ನೆಲೆಗಳಲ್ಲಿ ಮೂಲ್ಕಿಯೂ ಒಂದು. ಅಲ್ಲಿನ ಮಂತ್ರ ಸರ್ಫ್ ಕ್ಲಬ್ 2004ರಲ್ಲಿ ಆರಂಭವಾಯಿತು. ಸಸಿಹಿತ್ಲುವಿನಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲು ಸೇರುವ ಅಳಿವೆ ಇದೆ. ನದಿಗಳು ತಂದು ಸುರಿದ ಮರಳು ದಿಬ್ಬಗಳಾಗಿ ನಿಂತು ಅಲೆಯನ್ನು ಓರೆಯಾಗಿ ಒಡೆಸುತ್ತದೆ. ಲಕ್ಷದ್ವೀಪದಲ್ಲಿ ಹವಳವು ಮಾಡುವ ಕೆಲಸವನ್ನು ಇಲ್ಲಿ ಮರಳು ಮಾಡುತ್ತದೆ ಎನ್ನಬಹುದು. 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯು ಇಲ್ಲಿ ನಡೆದು ಊರಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ಮರಳಿನ ತಳದ ಅಲೆಗೂ ದೋಷವಿಲ್ಲದಿಲ್ಲ: ಪ್ರತಿ ಮಳೆಗಾಲದ ನಂತರ ದಿಬ್ಬಗಳು ಸ್ಥಳ ಬದಲಿಸುತ್ತವೆ. ಕಳೆದ ವರ್ಷ ಸುರಕ್ಷಿತವಾಗಿದ್ದ ಜಾಗ ಈ ವರ್ಷವೂ ಹಾಗೆಯೇ ಇರುತ್ತದೆಂದು ಭಾವಿಸದೆ ಸ್ಥಳೀಯ ಮೀನುಗಾರರನ್ನೂ ಜೀವರಕ್ಷಕರನ್ನೂ ಕೇಳಿ ತಿಳಿಯಬೇಕು.

ಹವಳ ಉಳಿದರೆ ಅಲೆ ಅಲ್ಲಿಯೇ ಒಡೆದೀತು

ದ್ವೀಪಗಳ ನೆಲವು ಸಮುದ್ರ ಮಟ್ಟದಿಂದ ಒಂದೆರಡು ಮೀಟರ್ ಮಾತ್ರ ಎತ್ತರದಲ್ಲಿದೆ. ಹವಳದ ಗೋಡೆಯ ಮೇಲೆ ಒಡೆಯುವ ಅಲೆ ತನ್ನ ಬಲದ ಬಹುಭಾಗವನ್ನು ಅಲ್ಲಿಯೇ ಕಳೆದುಕೊಳ್ಳುವುದರಿಂದ ಜನವಸತಿ ಸಾಧ್ಯವಾಗಿದೆ. ಗೋಡೆ ಇದ್ದೂ ಅಲೆ ಏನು ಮಾಡಬಲ್ಲದು ಎಂಬುದಕ್ಕೆ ಕಲ್ಪೇನಿ ದ್ವೀಪದ ಪೂರ್ವ ಮತ್ತು ದಕ್ಷಿಣದ ಅಂಚಿನಲ್ಲಿ ಸಾಲಾಗಿ ಬಿದ್ದಿರುವ ಹವಳದ ತುಂಡುಗಳ ದೊಡ್ಡ ರಾಶಿಯೇ ಸಾಕ್ಷಿ. 1847ರ ಬಿರುಗಾಳಿ ಅದನ್ನು ಅಲ್ಲಿ ಎಸೆದುಹೋಯಿತೆಂದು ನಂಬಲಾಗಿದೆ.

ಸಮುದ್ರದ ನೀರು ಅತಿಯಾಗಿ ಬಿಸಿಯಾದಾಗ ಹವಳದ ಮೈಯಲ್ಲಿದ್ದು ಅದಕ್ಕೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಗಳು ಹೊರಬೀಳುತ್ತವೆ. ಹವಳ ಬಿಳುಪೇರುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಇದು ವ್ಯಾಪಕವಾಗಿ ಕಂಡುಬಂದಿದೆ. ಸತ್ತ ಹವಳ ಸವೆದು ಗೋಡೆ ತಗ್ಗಿದಂತೆ ಅಲೆಯು ಒಡೆಯದೆ ಒಳಗೆ ಬರುತ್ತದೆ. ಆಗ ಸರ್ಫಿಂಗ್ ಆಟಗಾರನಿಗೆ ಅಲೆ ಇಲ್ಲ, ದ್ವೀಪದವನಿಗೆ ದಡವಿಲ್ಲ. ಬಂಗಾರಂ ಬಳಿಯ ಪರಳಿ-1 ಎಂಬ ನಿರ್ಜನ ದ್ವೀಪವು 1968ರಲ್ಲಿ 0.032 ಚ.ಕಿ.ಮೀ., ಅಂದರೆ ಸುಮಾರು 8 ಎಕರೆ ಇತ್ತು. ಅದು ಕೊರೆತದಿಂದ ಪೂರ್ತಿಯಾಗಿ ಕಾಣೆಯಾಗಿದೆ ಎಂದು 2017ರಲ್ಲಿ ವರದಿಯಾಯಿತು. ರೈತನೊಬ್ಬನ ಹೊಲದಷ್ಟು ನೆಲ, ಪಹಣಿ ಇಲ್ಲದ್ದು, ಹೀಗೆ ಹೋಯಿತು.

ಬಿಸಿಯಾಗುವ ಸಮುದ್ರವನ್ನು ತಡೆಯುವುದು ಪ್ರವಾಸಿಗನ ಕೈಯಲ್ಲಿಲ್ಲ. ಆದರೆ ಹವಳದ ಮೇಲೆ ನಿಲ್ಲದಿರುವುದು, ದೋಣಿಯ ಲಂಗರನ್ನು ಅದರ ಮೇಲೆ ಹಾಕದಂತೆ ನೋಡಿಕೊಳ್ಳುವುದು, ತುಂಡು ಮುರಿಯದಿರುವುದು ಅವನ ಕೈಯಲ್ಲಿದೆ. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 1ನೆಯ ಅನುಸೂಚಿಯಲ್ಲಿ ಸೇರಿದ್ದು, ಹುಲಿ ಮತ್ತು ಆನೆಗಳಷ್ಟೇ ರಕ್ಷಣೆ ಹೊಂದಿವೆ. ದಡದಲ್ಲಿ ಬಿದ್ದಿದ್ದ ಸತ್ತ ಹವಳವೆಂಬ ಸಮಜಾಯಿಷಿ ನೀಡಿ ಅದನ್ನು ನೆನಪಿನ ಕಾಣಿಕೆಯಾಗಿ ಚೀಲದಲ್ಲಿ ತರುವುದು ಸಲ್ಲದು.

ಪರವಾನಗಿಯ ಬಗ್ಗೆ

ಲಕ್ಷದ್ವೀಪದ ನಿವಾಸಿಗಳಲ್ಲದ ಭಾರತೀಯ ಪ್ರಜೆಗಳು 1967ರ ಪ್ರವೇಶ ಮತ್ತು ವಾಸ ನಿರ್ಬಂಧ ನಿಯಮಗಳ ಅನ್ವಯ ಪ್ರವೇಶ ಪರವಾನಗಿ ಪಡೆಯತಕ್ಕದ್ದು. ಇದನ್ನು ನೀಡುವವರು ಲಕ್ಷದ್ವೀಪ ಆಡಳಿತದವರು. ಜಿಲ್ಲಾಧಿಕಾರಿಗಳ ಕಚೇರಿ, ತಾಲ್ಲೂಕು ಕಚೇರಿ ಅಥವಾ ನಾಡಕಚೇರಿಗಳಲ್ಲಿ ಈ ಪರವಾನಗಿ ದೊರೆಯುವುದಿಲ್ಲ. ಆದುದರಿಂದ ಈ ಕಚೇರಿಗಳಿಗೆ ಅಲೆಯುವ ಅವಶ್ಯಕತೆ ಇಲ್ಲ. ಅರ್ಜಿಯನ್ನು ಲಕ್ಷದ್ವೀಪ ಆಡಳಿತದ ಅಂತರಜಾಲ ತಾಣದ ಮೂಲಕ ಸಲ್ಲಿಸಬಹುದು. ಗುರುತಿನ ಚೀಟಿ ಹಾಗೂ ಭಾವಚಿತ್ರ ಅಗತ್ಯ. ನಿಯಮ ಮತ್ತು ಶುಲ್ಕಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಅರ್ಜಿ ಸಲ್ಲಿಸುವ ದಿನದಂದು ಚಾಲ್ತಿಯಲ್ಲಿರುವುದನ್ನು ಅದೇ ತಾಣದಲ್ಲಿ ನೋಡಿಕೊಳ್ಳುವುದು.

ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನು ಕೋರಲಾದಲ್ಲಿ ಅದನ್ನು ಸೇವಾ ಸಿಂಧು ಮೂಲಕ ಪಡೆಯಬಹುದು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ದೇವನಹಳ್ಳಿ ತಾಲ್ಲೂಕಿನ ಕೆಲವು ಪೊಲೀಸ್ ಠಾಣೆಗಳು ಬೆಂಗಳೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಗೆ ಸೇರಿವೆ. ಉಳಿದವು ಜಿಲ್ಲಾ ಪೊಲೀಸ್ ವ್ಯಾಪ್ತಿಯಲ್ಲಿವೆ. ತಪ್ಪು ವ್ಯಾಪ್ತಿಯನ್ನು ನಮೂದಿಸಿದಲ್ಲಿ ವಿಳಂಬವಾಗುವ ಕಾರಣ ತಮ್ಮ ವಾಸಸ್ಥಳದ ಠಾಣೆ ಯಾವುದೆಂದು ಅರ್ಜಿದಾರರು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಪರವಾನಗಿಯು ನಮೂದಿಸಿದ ದ್ವೀಪ ಮತ್ತು ಅವಧಿಗೆ ಮಾತ್ರ ಅನ್ವಯಿಸುತ್ತದೆ. ಅದು ದ್ವೀಪವನ್ನು ಪ್ರವೇಶಿಸಲು ಅನುಮತಿಯೇ ವಿನಾ ಹವಳದ ಗೋಡೆಯಾಚೆ ಸರ್ಫಿಂಗ್ ಮಾಡಲು ಅನುಮತಿಯಲ್ಲ. ಹಲಗೆ ತೆಗೆದುಕೊಂಡು ಹೋಗಲು ಇಚ್ಛಿಸುವವರು ವಿಮಾನ ಸಂಸ್ಥೆಯಲ್ಲಿ ಮುಂಚಿತವಾಗಿ ವಿಚಾರಿಸಬೇಕು. ಅಗತ್ತಿಗೆ ಬರುವ ವಿಮಾನಗಳು ಚಿಕ್ಕವು. ದ್ವೀಪ ತಲುಪಿದ ಮೇಲೆ ಸ್ಥಳೀಯ ಆಡಳಿತದಿಂದ ಅಂದಿನ ಸೂಚನೆಗಳನ್ನು ತಿಳಿದು, ಕಂಡಿ ಎಲ್ಲಿದೆ, ಇಳಿತ ಎಷ್ಟು ಗಂಟೆಗೆ ಎಂಬ ಎರಡು ಪ್ರಶ್ನೆಗಳನ್ನು ದೋಣಿಯವರಲ್ಲಿ ಕೇಳಿದ ನಂತರವೇ ನೀರಿಗೆ ಇಳಿಯತಕ್ಕದ್ದು.